15 ಜಿಬಿ ತುಂಬಿದ ಮೇಲೆ: ಫೋನಿನಲ್ಲೇ ಮಾಡಿ ಮುಗಿಸಿದ ಇಮೇಲ್ ತೆರವು

ಕೈ ಹಚ್ಚುವ ಹೊತ್ತಿಗೆ ನನ್ನ ಜಿಮೇಲ್ ಖಾತೆಯ ಸ್ಥಿತಿ ಹೀಗಿತ್ತು. ಓದದೆ ಬಿದ್ದಿದ್ದ ಪತ್ರಗಳು ಇಪ್ಪತ್ತು ಸಾವಿರದ ಆಸುಪಾಸು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗ ಅಂಚಿನವರೆಗೂ ತುಂಬಿತ್ತು. ಆ್ಯಪ್ ತೆರೆದರೆ ಮೇಲ್ಗಡೆಯೇ ಎಚ್ಚರಿಕೆ: ಜಾಗ ಮುಗಿದಿದೆ, ಇನ್ನು ಪತ್ರ ಕಳುಹಿಸುವುದೂ ಆಗದು, ಪಡೆಯುವುದೂ ಆಗದು. ನನ್ನ ಬಳಿ ಕಂಪ್ಯೂಟರ್ ಇಲ್ಲ, ಇರುವುದು ಒಂದು ಆಂಡ್ರಾಯ್ಡ್ ಫೋನ್. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಅದರಲ್ಲೇ ಮಾಡಿದೆ. ಯಾವುದರ ನಂತರ ಯಾವುದನ್ನು ಮಾಡಿದೆ, ಅದೇ ಕ್ರಮ ಏಕೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಪೆಟ್ಟಿಗೆ ತುಂಬಿದರೆ ನಮಗೆ ಬರೆದವರ ಪತ್ರ ಆ ಕ್ಷಣವೇ ಕಳೆದುಹೋಗುವುದಿಲ್ಲ. ಇದು ಗೊತ್ತಿದ್ದರೆ ಗಾಬರಿ ಅರ್ಧ ಇಳಿಯುತ್ತದೆ. ನಮ್ಮ ಕಡೆಯ ಸರ್ವರ್ ಪತ್ರವನ್ನು ತೆಗೆದುಕೊಳ್ಳದೆ 452 ಎಂಬ ಸಂಕೇತವನ್ನು ಕೊಡುತ್ತದೆ. ಇಮೇಲ್ ಸಾಗಣೆಯ ನಿಯಮದಲ್ಲಿ 4ರಿಂದ ಶುರುವಾಗುವ ಸಂಕೇತಗಳು ತಾತ್ಕಾಲಿಕ ಅಡಚಣೆಗೆ ಸೇರಿದವು, 5ರಿಂದ ಶುರುವಾಗುವವು ಶಾಶ್ವತ ನಿರಾಕರಣೆಗೆ. ಹಾಗಾಗಿ 452 ಸಿಕ್ಕಾಗ ಕಳುಹಿಸಿದವರ ಸರ್ವರ್ ಪತ್ರವನ್ನು ಸರತಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಕನಿಷ್ಠ ನಾಲ್ಕೈದು ದಿನಗಳಾದರೂ ಪ್ರಯತ್ನ ಬಿಡಬಾರದು ಎನ್ನುತ್ತದೆ ಇಮೇಲ್ ಸಾಗಣೆಗೆಂದು 2008ರಲ್ಲಿ ಬಂದ ಎಸ್‌ಎಂಟಿಪಿ ನಿಯಮಾವಳಿ. ಆ ಅವಧಿಯೊಳಗೆ ಜಾಗ ಮಾಡಿಕೊಟ್ಟರೆ ಕಾದು ನಿಂತ ಪತ್ರಗಳು ತಾವಾಗಿಯೇ ಬಂದು ಸೇರುತ್ತವೆ. ಅಂದರೆ ಅಚ್ಚುಕಟ್ಟು ಮಾಡುವ ಕೆಲಸ ಆಮೇಲಿನದು. ಮೊದಲು ತೂಕ ಇಳಿಯಬೇಕು, ಅದೂ ಬೇಗ.

ತೂಕ ಎಲ್ಲಿದೆ ಎಂದು ನೋಡಿದ್ದು

ಬಹಳ ಜನ ಇಲ್ಲಿ ಸಾವಿರಾರು ಜಾಹೀರಾತು ಪತ್ರಗಳನ್ನು ಅಳಿಸಲು ಕೂರುತ್ತಾರೆ. ಅವು ಕಣ್ಣಿಗೆ ಭಾರ, ಸರ್ವರ್‌ಗೆ ಹಗುರ. ಒಂದು ಜಾಹೀರಾತು ಪತ್ರ ಹೆಚ್ಚೆಂದರೆ ನೂರಿನ್ನೂರು ಕೆಬಿ ಇದ್ದೀತು. ಅದರೊಳಗಿನ ಚಿತ್ರಗಳು ಸಾಮಾನ್ಯವಾಗಿ ಕಳುಹಿಸಿದವರ ಸರ್ವರ್‌ನಲ್ಲೇ ಇರುತ್ತವೆ, ನಾವು ತೆರೆದಾಗ ಮಾತ್ರ ಇಳಿದು ಬರುತ್ತವೆ. ಜಾಗ ತಿನ್ನುವುದು ಲಗತ್ತುಗಳು. ಜೊತೆಗೆ, ಈ 15 ಜಿಬಿ ಬರೀ ಜಿಮೇಲ್‌ನದಲ್ಲ. 2013ರಿಂದ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಒಂದೇ ಪಾಲಿನಲ್ಲಿ ಬದುಕುತ್ತಿವೆ. 2021ರ ಜೂನ್ 1ರ ನಂತರ ಏರಿಸಿದ ಫೋಟೋಗಳೆಲ್ಲ ಲೆಕ್ಕಕ್ಕೆ ಬರುತ್ತವೆ. 2024ರಿಂದ ಆಂಡ್ರಾಯ್ಡ್ ಫೋನುಗಳ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಇದರೊಳಗೇ ಸೇರಿದೆ.

ಆದ್ದರಿಂದ ಏನನ್ನೂ ಅಳಿಸುವ ಮೊದಲು ಗೂಗಲ್ ಖಾತೆಯ ಸಂಗ್ರಹ ಪುಟವನ್ನು ತೆರೆದೆ. ಯಾವ ಸೇವೆ ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟೆಗಳು ಅಲ್ಲಿ ಸಾಲಾಗಿ ಕಾಣುತ್ತವೆ. ನನ್ನ ಲೆಕ್ಕದಲ್ಲಿ ಜಿಮೇಲ್‌ನ ಪಾಲೇ ದೊಡ್ಡದು. ಅದು ಸಣ್ಣದಾಗಿ ಫೋಟೋಗಳದು ದೊಡ್ಡದಾಗಿದ್ದರೆ ಇನ್‌ಬಾಕ್ಸ್ ಗುಡಿಸಿ ಪ್ರಯೋಜನವಿರಲಿಲ್ಲ.

ಇನ್ನು ಹುಡುಕಾಟ. ಜಿಮೇಲ್ ಆ್ಯಪ್‌ನ ಹುಡುಕು ಪಟ್ಟಿಯಲ್ಲಿ ಬರೀ ಹೆಸರುಗಳನ್ನಲ್ಲ, ಆಜ್ಞೆಗಳನ್ನೂ ಬರೆಯಬಹುದು. ಇಡೀ ಕೆಲಸ ನಿಂತಿರುವುದೇ ಇವುಗಳ ಮೇಲೆ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರೂ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಕೋಲನ್ ಆದಮೇಲೆ ಜಾಗ ಬಿಡಬಾರದು. 'ಲಾರ್ಜರ್:10ಎಂ' ಎಂದು ಬರೆದರೆ 10 ಎಂಬಿಗಿಂತ ದೊಡ್ಡ ಪತ್ರಗಳಷ್ಟೇ ಬರುತ್ತವೆ. ಬಂದವು. ಹಳೆಯ ಕಚೇರಿಯ ಪ್ರಸೆಂಟೇಷನ್‌ಗಳು, ಒಂದೇ ದಾಖಲೆಯ ಹತ್ತಾರು ಕರಡುಗಳು, ಸ್ಕ್ಯಾನ್ ಮಾಡಿದ ಅರ್ಜಿಗಳು, ಯಾರೋ ಕಳುಹಿಸಿದ ಚಿಕ್ಕ ವಿಡಿಯೊಗಳು.

ಲಗತ್ತು ಅದರ ನಿಜವಾದ ಗಾತ್ರಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಇಮೇಲ್ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲು. ಚಿತ್ರವಾಗಲಿ ಪಿಡಿಎಫ್ ಆಗಲಿ, ಹೊರಡುವ ಮೊದಲು ಬೇಸ್64 ಎಂಬ ವಿಧಾನದಲ್ಲಿ ಅಕ್ಷರಗಳಾಗಿ ಮಾರ್ಪಡುತ್ತದೆ. ಮೂರು ಬೈಟ್‌ಗಳು ನಾಲ್ಕು ಅಕ್ಷರಗಳಾಗುತ್ತವೆ. ಹಾಗಾಗಿ 9 ಎಂಬಿಯ ಫೈಲು ಪತ್ರದೊಳಗೆ 12 ಎಂಬಿಯಾಗಿ ಕೂರುತ್ತದೆ. ಅದೇ ಪತ್ರವನ್ನು ಲಗತ್ತಿನ ಸಮೇತ ನಾಲ್ವರಿಗೆ ಬೇರೆ ಬೇರೆಯಾಗಿ ಮುಂದಕ್ಕೆ ಕಳುಹಿಸಿದ್ದರೆ ನಾಲ್ಕು ಪ್ರತಿಗಳು ಕಳುಹಿಸಿದ ಪತ್ರಗಳ ಕಡತದಲ್ಲಿ ಉಳಿದಿರುತ್ತವೆ. ಆ ಕಡತವನ್ನು ಯಾರೂ ತೆರೆದು ನೋಡುವುದಿಲ್ಲ. 'ಇನ್:ಸೆಂಟ್ ಲಾರ್ಜರ್:5ಎಂ' ಎಂದು ಹುಡುಕಿದಾಗ ನನ್ನ ಭಾರದ ದೊಡ್ಡ ಪಾಲು ಸಿಕ್ಕಿದ್ದು ಅಲ್ಲೇ. ನಾನೇ ಕಳುಹಿಸಿದ ಫೋಟೋಗಳು, ಅವುಗಳ ಮೂಲ ಪ್ರತಿ ಬೇರೆಡೆ ಭದ್ರವಾಗಿಯೇ ಇತ್ತು. ಅಳಿಸುವಾಗ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ.

ಜಿಮೇಲ್‌ನಲ್ಲಿ ಪತ್ರವನ್ನು ಉಳಿಸಿಕೊಂಡು ಲಗತ್ತನ್ನು ಮಾತ್ರ ತೆಗೆಯುವ ವ್ಯವಸ್ಥೆ ಇಲ್ಲ. ಹೋದರೆ ಎರಡೂ ಒಟ್ಟಿಗೆ ಹೋಗಬೇಕು. ಬೇಕಾದ ಲಗತ್ತುಗಳನ್ನು ಮೊದಲು ಫೋನಿಗೆ ಇಳಿಸಿಕೊಂಡು, ಫೈಲ್ಸ್ ಆ್ಯಪ್‌ನಲ್ಲಿ ಅವು ನಿಜವಾಗಿ ತೆರೆದುಕೊಳ್ಳುತ್ತವೆಯೇ ಎಂದು ಒಂದೊಂದಾಗಿ ನೋಡಿ, ಒಂದು ಮೆಮೊರಿ ಕಾರ್ಡಿಗೆ ನಕಲು ಮಾಡಿಟ್ಟೆ. ಡ್ರೈವ್‌ಗೆ ಉಳಿಸಿದರೆ ಅದೇ 15 ಜಿಬಿಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಿದಂತೆ, ಅಷ್ಟೇ.

ಅಳಿಸಿದ್ದು ಟ್ರ್ಯಾಶ್‌ಗೆ ಹೋಗಿ 30 ದಿನ ಇರುತ್ತದೆ, ಇರುವಷ್ಟು ದಿನ ಜಾಗವನ್ನೂ ಹಿಡಿದಿರುತ್ತದೆ. ಈ 30 ದಿನ ನಮ್ಮ ರಕ್ಷಣೆಗಾಗಿ ಇರುವುದರಿಂದ ಟ್ರ್ಯಾಶನ್ನು ಪೂರ್ತಿ ಖಾಲಿ ಮಾಡಲು ನನಗೆ ಮನಸ್ಸಾಗಲಿಲ್ಲ. 'ಇನ್:ಟ್ರ್ಯಾಶ್ ಲಾರ್ಜರ್:5ಎಂ' ಎಂದು ಹುಡುಕಿ ಆ ದೊಡ್ಡವನ್ನು ಮಾತ್ರ ಶಾಶ್ವತವಾಗಿ ಅಳಿಸಿದೆ. ಚಿಕ್ಕವು ತಮ್ಮ ಅವಧಿ ಮುಗಿಸಿಯೇ ಹೋಗಲಿ ಎಂದು ಬಿಟ್ಟೆ. ಸಂಗ್ರಹದ ಅಂಕಿ ಕೂಡಲೇ ಇಳಿಯಲಿಲ್ಲ, ಗೂಗಲ್ ಅದನ್ನು ನಿಧಾನವಾಗಿ ಪರಿಷ್ಕರಿಸುತ್ತದೆ. ಇಳಿದ ಮೇಲೆ ತಡೆಹಿಡಿದಿದ್ದ ಪತ್ರಗಳು ಒಂದೊಂದಾಗಿ ಬರತೊಡಗಿದವು. ಅದರಲ್ಲೊಂದು ನಾನು ಕಾಯುತ್ತಿದ್ದ ಉತ್ತರ. ಇಷ್ಟು ಕಷ್ಟಪಟ್ಟದ್ದು ಸಾರ್ಥಕ ಅನ್ನಿಸಿದ್ದು ಆಗ.

ಉಳಿಸಬೇಕಾದುದಕ್ಕೆ ಬೇಲಿ

ಪತ್ರಗಳು ಬರುವಂತಾದ ಮೇಲೆ ಅವಸರ ಮುಗಿಯಿತು. ಇನ್ನು ಬಾಕಿ ಇದ್ದದ್ದು ಆ ಇಪ್ಪತ್ತು ಸಾವಿರದ ರಾಶಿ. ರಾಶಿಗೆ ಕೈ ಹಾಕುವ ಮೊದಲು ಕಳೆದುಕೊಳ್ಳಬಾರದ ಪತ್ರಗಳಿಗೆ ಬೇಲಿ ಹಾಕಬೇಕಿತ್ತು. ಆಸ್ಪತ್ರೆಯ ವರದಿಗಳು, ತೆರಿಗೆಯ ಕಾಗದಗಳು, ಬಾಡಿಗೆ ಕರಾರು, ಪ್ರಮಾಣಪತ್ರಗಳು, ವಿಮೆ. ಇವಲ್ಲದೆ ಮನುಷ್ಯರು ಮನುಷ್ಯರಿಗೆ ಬರೆದ ಪತ್ರಗಳು.

ಇದಕ್ಕೆ ನಕ್ಷತ್ರ ಗುರುತು ಸಾಕು ಎಂದು ತೋರುತ್ತದೆ. ಸಾಲದು, ಮತ್ತು ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು. ಜಿಮೇಲ್ ಒಂದೇ ವಿಷಯದ ಪತ್ರ, ಉತ್ತರ, ಮರುಉತ್ತರಗಳನ್ನು ಒಂದು ಸರಣಿಯಾಗಿ ಕಟ್ಟಿ ತೋರಿಸುತ್ತದೆ. ಹುಡುಕಾಟ ನಡೆಯುವುದು ಮಾತ್ರ ಬಿಡಿ ಬಿಡಿ ಪತ್ರಗಳ ಮೇಲೆ. ಎರಡು ವರ್ಷ ಹಿಂದಿನ ಪತ್ರಗಳನ್ನು ಹುಡುಕಿದಾಗ ಸರಣಿಯ ಮೊದಲ ಪತ್ರ ಹಳೆಯದಾಗಿದ್ದರೆ ಸಾಕು, ಇಡೀ ಸರಣಿ ಫಲಿತಾಂಶದಲ್ಲಿ ಬರುತ್ತದೆ. ಅದನ್ನು ಆಯ್ದು ಅಳಿಸಿದರೆ ಹೋದ ವಾರ ಬಂದ ಕೊನೆಯ ಉತ್ತರವೂ ಅದರ ಜೊತೆಯಲ್ಲೇ ಹೋಗುತ್ತದೆ. ನಕ್ಷತ್ರವಿಲ್ಲದವು ಮಾತ್ರ ಬರಲಿ ಎಂದು ಹುಡುಕಿದರೂ ಇದೇ ಪಾಡು. ಸರಣಿಯ ಒಂದು ಪತ್ರಕ್ಕೆ ನಕ್ಷತ್ರವಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಇಲ್ಲದ ಪತ್ರದ ನೆಪದಲ್ಲಿ ನಕ್ಷತ್ರದ ಪತ್ರವೂ ಪಟ್ಟಿಗೆ ಬಂದು ಕೂರುತ್ತದೆ.

ಹಾಗಾಗಿ ಎರಡು ಕೆಲಸ ಮಾಡಿದೆ. ಆ್ಯಪ್‌ನ ಸಾಮಾನ್ಯ ಸೆಟ್ಟಿಂಗ್ಸ್‌ಗೆ ಹೋಗಿ ಸಂಭಾಷಣೆ ವೀಕ್ಷಣೆ ಎಂಬ ಗುಂಡಿಯನ್ನು ಆಫ್ ಮಾಡಿದೆ. ಆಗ ಪ್ರತಿ ಪತ್ರವೂ ಬಿಡಿಯಾಗಿ ಕಾಣುತ್ತದೆ. ಮುಂದೆ ಬ್ರೌಸರ್‌ನಲ್ಲಿ ಕೆಲಸ ಮಾಡುವಾಗ ಅಲ್ಲಿಯೂ ಅದು ಆಫ್ ಆಗಿದೆಯೇ ಎಂದು ನೋಡಿಕೊಂಡೆ. ಎರಡನೆಯದಾಗಿ, ನಕ್ಷತ್ರದ ಬದಲು 'ಕಾಪು' ಎಂಬ ಲೇಬಲ್ ಮಾಡಿದೆ. ಆಸ್ಪತ್ರೆ, ಬ್ಯಾಂಕು, ವಿಮೆ ಇವುಗಳ ವಿಳಾಸಗಳನ್ನು ಒಂದೊಂದಾಗಿ ಹುಡುಕಿ, ಬಂದದ್ದಕ್ಕೆಲ್ಲ ಆ ಲೇಬಲ್ ಅಂಟಿಸಿದೆ. ಆಮೇಲೆ ಅಳಿಸುವ ಪ್ರತಿ ಹುಡುಕಾಟದ ಕೊನೆಯಲ್ಲೂ ಮೈನಸ್ ಚಿಹ್ನೆ ಹಾಕಿ 'ಲೇಬಲ್:ಕಾಪು' ಎಂದು ಸೇರಿಸಿದರೆ ಬೇಲಿಯೊಳಗಿನವು ಪಟ್ಟಿಗೆ ಬರುವುದೇ ಇಲ್ಲ. ಆಜ್ಞೆಗಳ ಜೊತೆ ಬೆರೆತು ಹೋಗಲಿ ಎಂದು ಲೇಬಲ್‌ನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟೆ.

ಇಡೀ ಪೆಟ್ಟಿಗೆಯ ನಕಲು ಬೇಕೆನ್ನುವವರಿಗೆ ಗೂಗಲ್ ಟೇಕ್‌ಔಟ್ ಇದೆ. ಪತ್ರಗಳನ್ನೆಲ್ಲ ಎಂಬಾಕ್ಸ್ ಎಂಬ ಕಡತವಾಗಿ ಕೊಡುತ್ತದೆ. ಜಿಬಿಗಟ್ಟಲೆ ಆಗುವುದರಿಂದ ಫೋನಿಗಿಂತ ಹೊರಗಿನ ಡಿಸ್ಕ್ ಇರುವವರಿಗೆ ಅದು ಅನುಕೂಲ. ನಾನು 'ಕಾಪು' ಲೇಬಲ್‌ನ ಪತ್ರಗಳನ್ನು ಮಾತ್ರ ಹಾಗೆ ತೆಗೆದಿಟ್ಟುಕೊಂಡೆ. ಯಾವ ಲೇಬಲ್ ಬೇಕು ಎಂದು ಆಯ್ದುಕೊಳ್ಳಲು ಅದರಲ್ಲಿ ಅವಕಾಶವಿದೆ.

ನಲ್ಲಿ ನಿಲ್ಲಿಸುವುದು

ತೊಟ್ಟಿ ತುಂಬಿ ಹರಿಯುವಾಗ ಮೊದಲು ನಿಲ್ಲಿಸಬೇಕಾದದ್ದು ನಲ್ಲಿ. ಆಮೇಲೆ ನೀರು ಎತ್ತುವುದು. ಅಳಿಸುವ ಮೊದಲೇ ಚಂದಾ (ಪ್ರಚಾರ ಪತ್ರ, ಸುದ್ದಿಪತ್ರಗಳ ನೋಂದಣಿ) ರದ್ದು ಮಾಡಲು ಇನ್ನೊಂದು ಕಾರಣವೂ ಇದೆ: ರದ್ದು ಮಾಡುವ ಗುಂಡಿ ಇರುವುದು ಆ ಪತ್ರದಲ್ಲೇ. ಪತ್ರವನ್ನೇ ಎಸೆದರೆ ಮುಂದಿನದು ಬರುವವರೆಗೆ ಕಾಯಬೇಕು.

ಆ್ಯಪ್‌ನ ಎಡಬದಿಯ ಪಟ್ಟಿಯಲ್ಲಿ ಈಗ ಚಂದಾಗಳನ್ನು ನಿರ್ವಹಿಸುವ ಒಂದು ಪುಟವಿದೆ. 2025ರ ಜುಲೈಯಲ್ಲಿ ಗೂಗಲ್ ಇದನ್ನು ಬಿಡತೊಡಗಿತು. ಯಾರು ಅತಿ ಹೆಚ್ಚು ಪತ್ರ ಕಳುಹಿಸುತ್ತಾರೋ ಅವರು ಮೇಲೆ, ಉಳಿದವರು ಇಳಿಕೆಯ ಕ್ರಮದಲ್ಲಿ. ಪಕ್ಕದಲ್ಲೇ ಚಂದಾ ರದ್ದು ಗುಂಡಿ. ಆ ಪಟ್ಟಿ ನೋಡಿದಾಗ ನನ್ನ ಗಮನಕ್ಕೆ ಬಂದದ್ದು, ರಾಶಿಯಾಗಿ ಬಿದ್ದಿದ್ದು ನೂರಾರು ಕಡೆಯವರ ಪತ್ರಗಳಲ್ಲ ಎಂಬುದು. ಬೆರಳೆಣಿಕೆಯ ಕಡೆಗಳಿಂದ ದಿನಕ್ಕೆ ಎರಡು ಮೂರರಂತೆ ಬಂದು ಬಂದು ಇಷ್ಟಾಗಿದೆ. ಎಂದೋ ಹೆಸರು ನೋಂದಾಯಿಸಿದ್ದ ಒಂದು ಉದ್ಯೋಗ ಜಾಲತಾಣ, ಒಮ್ಮೆ ಮಾತ್ರ ಏನೋ ಕೊಂಡಿದ್ದ ಒಂದು ಅಂಗಡಿ, ಒಂದು ಪ್ರಯಾಣ ಸಂಸ್ಥೆ. ಹುಡುಕಾಟಗಳನ್ನೆಲ್ಲ ಕಳುಹಿಸಿದವರ ಲೆಕ್ಕದಲ್ಲಿ ಮಾಡಬೇಕೆಂದು ನಿರ್ಧರಿಸಿದ್ದು ಇದನ್ನು ಕಂಡಾಗಲೇ. ಇಪ್ಪತ್ತು ಸಾವಿರ ಪತ್ರಗಳ ಬಗ್ಗೆ ಒಂದೊಂದಾಗಿ ತೀರ್ಮಾನ ಮಾಡಲು ಯಾರಿಂದಲೂ ಆಗದು. ಐವತ್ತು ಅರವತ್ತು ವಿಳಾಸಗಳ ಬಗ್ಗೆ ಯಾರು ಬೇಕಾದರೂ ಮಾಡಬಹುದು.

ಈ ಗುಂಡಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿದ್ದರೆ ಅದನ್ನು ಯಾವಾಗ ನಂಬಬೇಕು ಎಂಬುದೂ ತಿಳಿಯುತ್ತದೆ. ಸುದ್ದಿಪತ್ರ ಕಳುಹಿಸುವವರು ಪತ್ರದ ತಲೆಬರಹದಲ್ಲಿ, ನಮಗೆ ಕಾಣದ ಜಾಗದಲ್ಲಿ, ಚಂದಾ ರದ್ದು ಮಾಡುವ ವಿಳಾಸವನ್ನು ಬರೆದಿರುತ್ತಾರೆ. ಈ ಪದ್ಧತಿ 1998ರಿಂದ ಇದೆ. ಒಂದೇ ಒತ್ತಿನಲ್ಲಿ ರದ್ದಾಗುವ ಕ್ರಮವನ್ನು 2017ರಲ್ಲಿ ರೂಪಿಸಿದರು. ಆದರೆ ಎಲ್ಲರೂ ಪಾಲಿಸುತ್ತಿರಲಿಲ್ಲ. 'ಲಾಗಿನ್ ಆಗಿ', 'ಕಾರಣ ತಿಳಿಸಿ' ಎಂದು ಪುಟದಿಂದ ಪುಟಕ್ಕೆ ಅಲೆಸುವವರೇ ಹೆಚ್ಚು. ಗೂಗಲ್ ಮತ್ತು ಯಾಹೂ 2024ರಲ್ಲಿ ಸಗಟು ಪತ್ರ ಕಳುಹಿಸುವವರಿಗೆ ಇದನ್ನು ಕಡ್ಡಾಯ ಮಾಡಿದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ತಮ್ಮ ಪ್ರಚಾರ ಪತ್ರಗಳಲ್ಲಿ ಒಂದೊತ್ತಿನ ರದ್ದತಿಗೆ ಅವಕಾಶ ಕೊಡಬೇಕು, ಕೋರಿಕೆಯನ್ನು ಎರಡು ದಿನಗಳೊಳಗೆ ನಡೆಸಿಕೊಡಬೇಕು. ಹಾಗಾಗಿ ಹೆಸರು ಕೇಳಿರುವ ಸಂಸ್ಥೆಗಳ ಮಟ್ಟಿಗೆ ಈ ಗುಂಡಿ ಈಗ ನಿಜಕ್ಕೂ ಕೆಲಸ ಮಾಡುತ್ತದೆ.

ಹೆಸರೇ ಕೇಳಿರದವರ ಪತ್ರಕ್ಕೆ ಈ ಉಪಚಾರ ಸಲ್ಲದು. ಪತ್ರದ ಬುಡದಲ್ಲಿರುವ ರದ್ದು ಕೊಂಡಿಯನ್ನು ಒತ್ತಿದರೆ, ಈ ವಿಳಾಸದಲ್ಲಿ ಜನ ಇದ್ದಾರೆ, ಓದುತ್ತಿದ್ದಾರೆ ಎಂದು ನಾವೇ ಖಾತರಿ ಮಾಡಿಕೊಟ್ಟಂತಾಗುತ್ತದೆ. ಅಂಥವನ್ನು ತೆರೆಯದೆ, ಪಟ್ಟಿಯಲ್ಲಿದ್ದಂತೆಯೇ ಒತ್ತಿಹಿಡಿದು ಸ್ಪ್ಯಾಮ್ ಎಂದು ವರದಿ ಮಾಡಿದೆ. ಅದಕ್ಕೆ ವಿರುದ್ಧವಾದದ್ದೂ ಸರಿಯಲ್ಲ. ನಾವೇ ಕೇಳಿ ತರಿಸಿಕೊಂಡ ಸುದ್ದಿಪತ್ರ ಈಗ ಬೇಡವಾಗಿದೆ ಎಂದು ಅದನ್ನು ಸ್ಪ್ಯಾಮ್ ಎನ್ನುವುದು ಪ್ರಾಮಾಣಿಕವಾಗಿ ಕಳುಹಿಸುವವರಿಗೆ ಮಾಡುವ ಅನ್ಯಾಯ. ನಾಲ್ಕು ಜನ ಓದಲಿ ಎಂದು ಕಷ್ಟಪಟ್ಟು ಬರೆಯುವ ಸಣ್ಣ ಪತ್ರಿಕೆಯವರಿಗೆ ಅಂಥ ದೂರುಗಳಿಂದ ನಿಜವಾದ ಪೆಟ್ಟು ಬೀಳುತ್ತದೆ.

ಸಾಮಾಜಿಕ ಜಾಲತಾಣಗಳ ಸೂಚನೆ ಪತ್ರಗಳನ್ನು ಆಯಾ ಆ್ಯಪ್‌ಗಳ ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸುವುದು ಲೇಸು. ಅದೇ ಸೂಚನೆ ಫೋನಿಗೆ ನೇರವಾಗಿ ಹೇಗೂ ಬರುತ್ತಿರುತ್ತದೆ.

ರಾಶಿ ತೆಗೆದದ್ದು

ಆ್ಯಪ್‌ನಲ್ಲಿ ಒಂದು ಪತ್ರವನ್ನು ಒತ್ತಿಹಿಡಿದರೆ ಆಯ್ಕೆಯಾಗುತ್ತದೆ, ಮೇಲ್ಗಡೆ ಎಲ್ಲವನ್ನೂ ಆಯ್ದುಕೊಳ್ಳುವ ಚೌಕ ಕಾಣಿಸಿಕೊಳ್ಳುತ್ತದೆ. ಎಲ್ಲ ಎಂದರೆ ನಿಜವಾಗಿ ಎಲ್ಲವೂ ಅಲ್ಲ. ಆ ಹೊತ್ತಿಗೆ ಪರದೆಗೆ ಇಳಿದು ಬಂದಿರುವ ಪತ್ರಗಳು, ಸಾಮಾನ್ಯವಾಗಿ ಐವತ್ತರ ಆಸುಪಾಸು. ನೂರಿನ್ನೂರು ಪತ್ರಗಳಿಗೆ ಇದು ಸಾಕು. ಒಬ್ಬರಿಂದಲೇ ನಾಲ್ಕು ಸಾವಿರ ಬಂದಿದ್ದರೆ ಬೆರಳು ಸವೆಯುತ್ತದೆ.

ಅದಕ್ಕೆ ಇರುವ ದಾರಿ ಫೋನಿನ ಬ್ರೌಸರ್. ಕ್ರೋಮ್‌ನಲ್ಲಿ ಜಿಮೇಲ್ ತೆರೆದು, ಮೂರು ಚುಕ್ಕಿಗಳ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಸೈಟ್ ಎಂಬುದಕ್ಕೆ ಗುರುತು ಹಾಕಿ, ಫೋನನ್ನು ಅಡ್ಡ ತಿರುಗಿಸಿದೆ. ಕಂಪ್ಯೂಟರಿನಲ್ಲಿ ಕಾಣುವ ಪುಟವೇ ಪುಟ್ಟ ಅಕ್ಷರಗಳಲ್ಲಿ ಬರುತ್ತದೆ. ಎರಡು ಬೆರಳುಗಳಿಂದ ಹಿಗ್ಗಿಸಿ, 'ಫ್ರಮ್:' ಬರೆದು ಆ ಉದ್ಯೋಗ ಜಾಲತಾಣದ ವಿಳಾಸ ಹಾಕಿ ಹುಡುಕಿದೆ. ಪಟ್ಟಿಯ ತಲೆಯಲ್ಲಿರುವ ಚೌಕವನ್ನು ಒತ್ತಿದಾಗ ಪುಟದ 50 ಪತ್ರಗಳೂ ಆಯ್ಕೆಯಾದವು. ಆಗ ಪಟ್ಟಿಯ ಮೇಲೆ ತೆಳ್ಳಗಿನ ಒಂದು ಸಾಲು ಮೂಡುತ್ತದೆ. ಈ ಪುಟದವೆಲ್ಲ ಆಯ್ಕೆಯಾಗಿವೆ ಎಂದು ತಿಳಿಸಿ, ಪಕ್ಕದಲ್ಲೇ ಈ ಹುಡುಕಾಟಕ್ಕೆ ಹೊಂದುವ ಎಲ್ಲವನ್ನೂ ಆಯ್ದುಕೊಳ್ಳಿ ಎಂಬ ಕೊಂಡಿ ಕೊಡುತ್ತದೆ. ಪುಟ್ಟ ಪರದೆಯಲ್ಲಿ ಅದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ, ಹುಡುಕಿ ಒತ್ತಬೇಕು. ನಂತರ ಅಳಿಸು ಗುಂಡಿ, ಇಷ್ಟೊಂದು ಪತ್ರಗಳ ಮೇಲೆ ಪರಿಣಾಮವಾಗುತ್ತದೆ, ಖಚಿತವೇ ಎಂಬ ಪ್ರಶ್ನೆ, ಸರಿ. ಸಾವಿರಾರು ಇದ್ದಾಗ ಪುಟ ಕೆಲಕಾಲ ಸುಮ್ಮನೆ ತಿರುಗುತ್ತದೆ, ಕೆಲವೊಮ್ಮೆ ಅರ್ಧದಲ್ಲಿ ನಿಲ್ಲುತ್ತದೆ. ಅದೇ ಹುಡುಕಾಟವನ್ನು ಮತ್ತೆ ನಡೆಸಿದರೆ ಉಳಿದವು ಹೋಗುತ್ತವೆ.

ಪ್ರತಿ ಬಾರಿಯೂ ಆ ಕೊಂಡಿಯನ್ನು ಒತ್ತುವ ಮೊದಲು ಪಟ್ಟಿಯ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಓದಿದೆ. ಈ ಶಿಸ್ತನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಒಂದೇ ವಿಳಾಸದಿಂದ ಜಾಹೀರಾತೂ ಬರಬಹುದು, ರಸೀದಿಯೂ ಬರಬಹುದು. ಆ ಪ್ರಯಾಣ ಸಂಸ್ಥೆಯ ಪತ್ರಗಳಲ್ಲಿ ಹಳೆಯ ಟಿಕೆಟ್‌ಗಳು ಬೆರೆತಿದ್ದವು. ವಿಷಯದ ಸಾಲಿನಲ್ಲಿ ಬುಕಿಂಗ್ ಎಂಬ ಪದವಿರುವುದನ್ನು ಮೈನಸ್ ಹಾಕಿ ಹೊರಗಿಟ್ಟು ಉಳಿದವನ್ನು ಮಾತ್ರ ಅಳಿಸಿದೆ.

ದೊಡ್ಡ ವಿಳಾಸಗಳು ಮುಗಿದ ಮೇಲೆ 'ಕ್ಯಾಟಗರಿ:ಪ್ರಮೋಷನ್ಸ್ ಓಲ್ಡರ್_ದ್ಯಾನ್:1ವೈ' ಎಂದು ಹುಡುಕಿದೆ. ಅಂದರೆ ಪ್ರಚಾರ ವಿಭಾಗದ, ಒಂದು ವರ್ಷಕ್ಕಿಂತ ಹಳೆಯ ಪತ್ರಗಳು. ನಡುವಿನ ಅಡಿಗೆರೆ ಮರೆಯಬಾರದು. ವೈ ಜಾಗದಲ್ಲಿ ಎಂ ಹಾಕಿದರೆ ತಿಂಗಳು, ಡಿ ಹಾಕಿದರೆ ದಿನ. ಸಾಮಾಜಿಕ ವಿಭಾಗಕ್ಕೂ ಇದೇ ಕ್ರಮ. ಒಮ್ಮೆ ಬಳಸಿ ಮುಗಿದ ಒಟಿಪಿ ಪತ್ರಗಳಿಗೆ ವಿಷಯದಲ್ಲಿ ಒಟಿಪಿ ಎಂದಿರುವ, ಏಳು ದಿನಕ್ಕಿಂತ ಹಳೆಯವು ಎಂದು ಹುಡುಕಿದೆ. ಪರಿಶೀಲನೆ ಎಂಬರ್ಥದ ಇಂಗ್ಲಿಷ್ ಪದವನ್ನು ಹಾಕಿ ಹುಡುಕಲು ಹೋಗಲಿಲ್ಲ, ದಾಖಲೆ ಪರಿಶೀಲನೆಯ ಮುಖ್ಯ ಪತ್ರಗಳಲ್ಲೂ ಅದೇ ಪದವಿರುತ್ತದೆ.

ಎಲ್ಲವನ್ನೂ ಆರ್ಕೈವ್ ಮಾಡಿ ಕೈ ತೊಳೆದುಕೊಳ್ಳುವ ಸಲಹೆ ಆಗಾಗ ಕೇಳಿಬರುತ್ತದೆ. ಆರ್ಕೈವ್ ಮಾಡಿದ ಪತ್ರ ಇನ್‌ಬಾಕ್ಸ್‌ನಿಂದ ಮರೆಯಾಗುತ್ತದೆ, ಎಲ್ಲ ಮೇಲ್ ಎಂಬ ಕಡತದಲ್ಲಿ ಹಾಗೆಯೇ ಉಳಿಯುತ್ತದೆ, ಜಾಗವನ್ನೂ ಬಿಡುವುದಿಲ್ಲ. ಕಣ್ಣಿಗೆ ನೆಮ್ಮದಿಯಷ್ಟೇ ಬೇಕಿದ್ದರೆ ಅದು ಒಳ್ಳೆಯ ಉಪಾಯ. ನನ್ನಂತೆ ಜಾಗ ಮುಗಿದವರಿಗೆ ಅದರಿಂದ ಉಪಯೋಗವಿಲ್ಲ. ಮನುಷ್ಯರ ಪತ್ರಗಳನ್ನು ಮಾತ್ರ, ಓದಿ ಉತ್ತರಿಸಿಯಾದ ಮೇಲೆ, ಆರ್ಕೈವ್ ಮಾಡಿದೆ. ರಾಶಿ ಕರಗಿದಂತೆ ಅಂಥವು ಹೊರಗೆ ಬಂದವು. ಶಾಲೆಯಲ್ಲಿ ನನಗೆ ಕಲಿಸಿದ ಮೇಷ್ಟ್ರು ನಿವೃತ್ತರಾದ ಮೇಲೆ ಬರೆದ ಎರಡು ಪತ್ರಗಳು ಉದ್ಯೋಗ ಜಾಲತಾಣದ ಪತ್ರಗಳ ನಡುವೆ ಓದದೆ ಬಿದ್ದಿದ್ದವು. ಒಂದರಲ್ಲಿ ಅವರು ತಮ್ಮ ಹೊಸ ಫೋನ್ ನಂಬರ್ ಕೊಟ್ಟಿದ್ದರು. ಅಳಿಸುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಅವರಿಗೆ ಕರೆ ಮಾಡಿದೆ. ಇಪ್ಪತ್ತು ಸಾವಿರ ಪತ್ರಗಳಿಂದ ಆಗುವ ನಿಜವಾದ ನಷ್ಟ ಜಾಗದ್ದಲ್ಲ, ಇಂಥ ಪತ್ರಗಳು ಕಾಣದೆ ಹೋಗುವುದು.

ಬೇರೆ ಫೋನು, ಬೇರೆ ಖಾತೆ

ಇದೇ ಕೆಲಸವನ್ನು ನನ್ನ ಅಕ್ಕನ ಐಫೋನಿನಲ್ಲೂ ಮಾಡಿಕೊಟ್ಟೆ. ಅದರಲ್ಲೇ ಇರುವ ಮೇಲ್ ಆ್ಯಪ್‌ನಲ್ಲಿ ಎಡಿಟ್ ಒತ್ತಿದರೆ ಎಲ್ಲವನ್ನೂ ಆಯ್ದುಕೊಳ್ಳುವ ಗುಂಡಿ ಸಿಗುತ್ತದೆ, ಎರಡು ಬೆರಳುಗಳನ್ನು ಪಟ್ಟಿಯ ಮೇಲೆ ಎಳೆದರೂ ಸಾಲಾಗಿ ಆಯ್ಕೆಯಾಗುತ್ತವೆ. ಒಂದು ಎಚ್ಚರ ಬೇಕು: ಜಿಮೇಲ್ ಖಾತೆಯನ್ನು ಅದರಲ್ಲಿ ಸೇರಿಸಿದ್ದರೆ, ಬೆರಳಿನಿಂದ ಪಕ್ಕಕ್ಕೆ ಸರಿಸಿದ ಪತ್ರ ಅಳಿಯುವ ಬದಲು ಆರ್ಕೈವ್‌ಗೆ ಹೋಗುವಂತೆ ಮೊದಲಿನಿಂದಲೇ ಹೊಂದಿಸಿರುತ್ತದೆ. ತಿಂಗಳುಗಟ್ಟಲೆ ಸರಿಸಿದರೂ ಜಾಗ ಇಳಿದಿಲ್ಲ ಎಂದು ಅಕ್ಕ ಹೇಳುತ್ತಿದ್ದುದಕ್ಕೆ ಇದೇ ಕಾರಣ. ಖಾತೆಯ ಸುಧಾರಿತ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಅಳಿಸಿದ ಪತ್ರಗಳ ಕಡತಕ್ಕೆ ಬದಲಿಸಿದೆ. ಔಟ್‌ಲುಕ್‌ನ ಉಚಿತ ಖಾತೆಗೂ ಪತ್ರಗಳಿಗೆಂದು 15 ಜಿಬಿ ಇದೆ. ಅದರ ಜಾಲಪುಟದಲ್ಲಿ ಸ್ವೀಪ್ ಎಂಬ ಸೌಲಭ್ಯ ಬಹಳ ಚೆನ್ನಾಗಿದೆ. ಒಬ್ಬರಿಂದ ಬಂದ ಪತ್ರಗಳಲ್ಲಿ ಕೊನೆಯದನ್ನಷ್ಟೇ ಉಳಿಸು, ಅಥವಾ 10 ದಿನಕ್ಕಿಂತ ಹಳೆಯವನ್ನು ತೆಗೆಯುತ್ತಾ ಹೋಗು ಎಂದು ಒಮ್ಮೆ ಹೇಳಿಬಿಟ್ಟರೆ ಮುಂದೆ ತಾನೇ ನೋಡಿಕೊಳ್ಳುತ್ತದೆ. ಜಿಮೇಲ್‌ನಲ್ಲೂ ಇಂಥದ್ದೊಂದು ಇರಬೇಕಿತ್ತು.

ಈಗ ನಡೆಯುತ್ತಿರುವ ವ್ಯವಸ್ಥೆ

ಬ್ರೌಸರ್‌ನ ಅದೇ ಡೆಸ್ಕ್‌ಟಾಪ್ ಪುಟದಲ್ಲಿ ಕೆಲವು ಫಿಲ್ಟರ್‌ಗಳನ್ನು, ಅಂದರೆ ಬರುವ ಪತ್ರಗಳನ್ನು ತಾನಾಗಿ ವಿಂಗಡಿಸುವ ನಿಯಮಗಳನ್ನು, ಮಾಡಿಟ್ಟೆ. ಆ್ಯಪ್‌ನಲ್ಲಿ ಫಿಲ್ಟರ್ ಮಾಡಲು ಬರುವುದಿಲ್ಲ, ಒಮ್ಮೆ ಮಾಡಿದರೆ ಫೋನಿನಲ್ಲೂ ಅನ್ವಯವಾಗುತ್ತವೆ. ಬ್ಯಾಂಕಿನ ಮಾಸಿಕ ಲೆಕ್ಕಪಟ್ಟಿಗಳು ಬಂದ ಕೂಡಲೇ 'ಕಾಪು' ಲೇಬಲ್ ಹೊತ್ತು ಇನ್‌ಬಾಕ್ಸ್ ದಾಟಿ ಹೋಗುತ್ತವೆ. ಆಸ್ಪತ್ರೆಯ ಪತ್ರಗಳಿಗೂ ಅದೇ ಲೇಬಲ್, ಆದರೆ ಅವು ಇನ್‌ಬಾಕ್ಸ್‌ನಲ್ಲೇ ನಿಲ್ಲುತ್ತವೆ, ಏಕೆಂದರೆ ಅವನ್ನು ಬಂದ ದಿನವೇ ನೋಡಬೇಕು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸರಿಸುವ ಕ್ರಿಯೆಗಳನ್ನು ಬದಲಿಸಿದೆ. ಎಡಕ್ಕೆ ಸರಿಸಿದರೆ ಅಳಿಸು, ಬಲಕ್ಕೆ ಸರಿಸಿದರೆ ಆರ್ಕೈವ್. ತಪ್ಪಿ ಸರಿಸಿದರೆ ಕೆಳಗೆ ಕೆಲವು ಕ್ಷಣ ರದ್ದು ಮಾಡುವ ಅವಕಾಶ ಇರುತ್ತದೆ. ಸೂಚನೆಗಳನ್ನು ಆದ್ಯತೆಯ ಪತ್ರಗಳಿಗೆ ಮಾತ್ರ ಸೀಮಿತಗೊಳಿಸಿದೆ, ಸಂಭಾಷಣೆ ವೀಕ್ಷಣೆಯನ್ನು ಮತ್ತೆ ಹಚ್ಚಿದೆ.

ಹೊಸ ಜಾಗಗಳಲ್ಲಿ ನೋಂದಾಯಿಸುವಾಗ ಈಗ ವಿಳಾಸಕ್ಕೆ ಬಾಲ ಸೇರಿಸುತ್ತೇನೆ. ಹೆಸರಿನ ನಂತರ, ಆಟ್ ಚಿಹ್ನೆಗೆ ಮೊದಲು, ಪ್ಲಸ್ ಹಾಕಿ ಒಂದು ಪದ. ಪತ್ರ ನನಗೇ ಬರುತ್ತದೆ, ಆದರೆ ಯಾರಿಗೆ ಕೊಟ್ಟ ವಿಳಾಸಕ್ಕೆ ಬಂತು ಎಂಬುದು ಗೊತ್ತಾಗುತ್ತದೆ. ಬೇಡವಾದಾಗ ಆ ಬಾಲದ ವಿಳಾಸಕ್ಕೆ ಬಂದದ್ದನ್ನೆಲ್ಲ ಒಂದು ಫಿಲ್ಟರ್‌ನಲ್ಲಿ ಅಳಿಸಬಹುದು. ಕೆಲವು ಜಾಲತಾಣಗಳು ಪ್ಲಸ್ ಚಿಹ್ನೆಯನ್ನು ಒಪ್ಪುವುದಿಲ್ಲ, ಅಲ್ಲಿ ಮಾಮೂಲಿ ವಿಳಾಸವೇ ಗತಿ.

ಇನ್ನೂ ಒಂದು ಕೆಲಸ ಬಾಕಿ ಇದೆ. ಎರಡು ವರ್ಷಕ್ಕಿಂತ ಹಳೆಯ, ಲಗತ್ತಿರುವ, 1 ಎಂಬಿಗಿಂತ ದೊಡ್ಡ, 'ಕಾಪು' ಲೇಬಲ್ ಇಲ್ಲದ ಪತ್ರಗಳ ಪಟ್ಟಿ. ಇವುಗಳಲ್ಲಿ ಬೇಕಾದ್ದೂ ಬೇಡವಾದ್ದೂ ಬೆರೆತಿರುವುದರಿಂದ ಸಗಟಾಗಿ ಅಳಿಸುವಂತಿಲ್ಲ. ಬಿಡುವಾದಾಗ ಒಂದೊಂದು ಪುಟ ತೆಗೆಯುತ್ತಿದ್ದೇನೆ. ಸಂಗ್ರಹ ಪುಟದಲ್ಲಿ ಈಗ ಜಿಮೇಲ್‌ನ ಪಟ್ಟೆ ಫೋಟೋಗಳ ಪಟ್ಟೆಗಿಂತ ಚಿಕ್ಕದಾಗಿದೆ. ಮುಂದಿನ ಸರದಿ ಫೋಟೋಗಳದು.